ಮಿಂದ ಮೇಲೆ ಬರುವ ವೈದ್ಯ

"ಅಜ್ಜೀ, ಮನೆಯವರಿಗೆ ಗೊತ್ತಾಗದ ಹಾಗೆ ಈ ನೋವನ್ನು ತಡೆದುಕೊಳ್ಳುವುದು ಹೇಗೆ?" ಎಂದು ಮೊಮ್ಮಗಳು ಮಹಾನಂದಾ ನನ್ನನ್ನು ಕೇಳಿದಳು. ನಾನು ಹೇಳಿದೆ:

ಬಾ ನನ್ನವ್ವ, ಇಲ್ಲಿ ಕೂತುಕೋ. ಬೆನ್ನನ್ನು ಗೋಡೆಗೆ ಆನಿಸು. ಬಿಸಿನೀರಿನ ಚೀಲ ಹೊಟ್ಟೆಯ ಮೇಲೆಯೇ ಇರಲಿ. ನಿನ್ನ ಮಾತು ಕೇಳಿ ನನಗೆ ಸಿಟ್ಟು ಬಂದಿದೆ. ನಿನ್ನ ಮೇಲಲ್ಲ, ಯಾರ ಮೇಲೆ ಅನ್ನುವುದನ್ನು ಕತೆ ಹೇಳುತ್ತದೆ. ನಡುವೆ ನೋವು ಬಂದರೆ ಕೂಗು, ನಾನು ನಿಲ್ಲಿಸುತ್ತೇನೆ. ಕತೆ ಎಲ್ಲಿಗೂ ಓಡಿಹೋಗುವುದಿಲ್ಲ.

ಒಬ್ಬ ನೇಕಾರ. ಅವನಿಗೊಬ್ಬಳು ಹೆಂಡತಿ, ಒಬ್ಬಳು ತಾಯಿ. ಮನೆಯ ನಡುವೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಆ ಮನೆಯಲ್ಲಿ ಒಂದು ಕಟ್ಟಳೆ. ಮುಟ್ಟಾದ ಹೆಂಗಸು ಹಿತ್ತಿಲ ಕೋಣೆಯಲ್ಲಿರಬೇಕು. ಮೀಯುವ ತನಕ ಅವಳನ್ನು ಯಾರೂ ಮುಟ್ಟಬಾರದು, ಗಂಡ ಮುಖ ನೋಡಬಾರದು, ಅವಳ ನೆರಳು ಮಗ್ಗದ ಹಾಸಿನ ಮೇಲೆ, ಅಂದರೆ ನೇಯಲು ಉದ್ದಕ್ಕೆ ಬಿಗಿದ ನೂಲಿನ ಮೇಲೆ, ಬೀಳಬಾರದು.

ಅವಳಿಗೆ ನೋವು ಬರುತ್ತಿದ್ದದ್ದು ಆ ದಿನಗಳಲ್ಲೇ. ಎಂಥ ನೋವು ಎಂದು ನಿನಗೆ ಹೇಳಬೇಕಾಗಿಲ್ಲ. ಸೆರಗು ಕಚ್ಚಿಕೊಂಡು ನೆಲದ ಮೇಲೆ ಹೊರಳುತ್ತಿದ್ದಳು. ಅತ್ತೆ ತಟ್ಟೆಯನ್ನು ಬಾಗಿಲ ಹೊರಗಿಟ್ಟು, "ತಡೆದುಕೋ, ದನಿ ಹೊರಗೆ ಬರಬಾರದು" ಎಂದು ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಗಂಡ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಊರಿನ ವೈದ್ಯನಿಗೆ ಹೇಳಿಕಳಿಸಿದ. ವೈದ್ಯ, "ಮಿಂದ ಮೇಲೆ ತಿಳಿಸಿ, ಬರುತ್ತೇನೆ" ಎಂದ. ಅವನು ಬರುವ ಹೊತ್ತಿಗೆ ಅವಳು ಮಿಂದು, ತಲೆ ಬಾಚಿ, ರೊಟ್ಟಿ ಬಡಿಯುತ್ತಿದ್ದಳು. ವೈದ್ಯ ನಾಡಿ ಹಿಡಿದು ನಕ್ಕ.

"ರೊಟ್ಟಿ ಬಡಿಯುವ ಕೈಗೆ ಎಂಥ ಕಾಯಿಲೆ ತಾಯೀ? ಎಲ್ಲ ಹೆಂಗಸರಿಗೂ ಇರುವುದೇ. ಒಂದು ಮಗುವಾಗಲಿ, ತಾನೇ ಹೋಗುತ್ತದೆ."

"ಬೆಂಕಿ ಹತ್ತಿದಾಗ ಬರುವುದಿಲ್ಲ. ಆಮೇಲೆ ಬಂದು ಬೂದಿ ಮುಟ್ಟಿ ಬಿಸಿಯೇ ಇಲ್ಲ ಅನ್ನುತ್ತೀರಲ್ಲ!" ಎಂದಳು ಅವಳು.

"ಬಾಯಿಗಂತೂ ಏನೂ ರೋಗವಿಲ್ಲ" ಎಂದು ಅತ್ತೆ ವೈದ್ಯನಿಗೆ ಮಜ್ಜಿಗೆ ಕೊಟ್ಟಳು.

ಅವರ ಜಾಣತನ ನೋಡು. ನೋವಿರುವ ದಿನ ನೋಡುವಂತಿಲ್ಲ. ನೋಡುವ ದಿನ ನೋವಿಲ್ಲ. ಹಾಗಾಗಿ ನೋವೇ ಇಲ್ಲ! ವರ್ಷಗಳು ಹೀಗೇ ಹೋದವು. ಮಗುವೂ ಆಗಲಿಲ್ಲ. ಅದಕ್ಕೂ ಅವಳನ್ನೇ ಅಂದರು.

ಒಂದು ತಿಂಗಳು ಅವಳು ಹಿತ್ತಿಲ ಕೋಣೆಯಲ್ಲಿ ಬಿದ್ದಿದ್ದಾಗ ಮನೆಯೊಳಗೆ ಮಗ್ಗದ ಸದ್ದು ನಿಂತಿತು. ಗಂಡ ತಾಯಿಗೆ ಹೇಳುವುದು ಕೇಳಿಸಿತು: "ಎಲ್ಲೋ ಕಿರುಗುಡುತ್ತಿದೆ ಅವ್ವ. ತಡೆ, ಇನ್ನೊಮ್ಮೆ ತುಳಿಯುತ್ತೇನೆ. ನಿಂತ ಮಗ್ಗ ನೋಡಿದರೆ ಏನು ಗೊತ್ತಾಗುತ್ತದೆ?"

ಅವಳು ಎದ್ದಳು. ಗೋಡೆ ಹಿಡಿದುಕೊಂಡು ಹಿತ್ತಿಲು ದಾಟಿದಳು, ಹೊಸಿಲು ದಾಟಿದಳು. ಹೋಗಿ ಮಗ್ಗದ ಪಕ್ಕದಲ್ಲೇ ನೆಲದ ಮೇಲೆ ಬಿದ್ದಳು. ಕುಣಿಗೆ ಕಾಲಿಳಿಸಿ ಕೂತಿದ್ದ ಗಂಡನ ಮೊಣಕೈ ಹತ್ತಿರವೇ ಅವಳ ಮುಖ.

ಅತ್ತೆ ಅರಚಿದಳು. "ಅಯ್ಯೋ, ಹಾಸು ಮೈಲಿಗೆಯಾಯಿತು! ಏಳೇ ಮಾರಿ!"

"ಏಳುವುದಿಲ್ಲ" ಎಂದಳು. ಗಂಡನಿಗೆ ಹೇಳಿದಳು: "ಮಗ್ಗವನ್ನು ಅದು ಕಿರುಗುಡುವಾಗಲೇ ನೋಡುತ್ತೀರಲ್ಲ, ನನ್ನನ್ನೂ ಈಗ ನೋಡಿ."

ಅಷ್ಟರಲ್ಲಿ ನೋವು ಬಂತು. ಅವನು ನೋಡಿದ. ಹೆಂಡತಿಯ ಆ ಮುಖವನ್ನು ಅವನು ಎಂದೂ ಕಂಡಿರಲಿಲ್ಲ. ಕೈಯಿಂದ ಲಾಳಿ ಜಾರಿಬಿತ್ತು. ಕುಣಿಯಿಂದ ಮೇಲೆದ್ದು ಅವಳನ್ನು ಎರಡೂ ಕೈಯಿಂದ ಎತ್ತಿಕೊಂಡ. ಅವನು ಬೀದಿಗೆ ಇಳಿದರೂ ತಾಯಿ "ಮುಟ್ಟಬೇಡವೋ" ಅನ್ನುತ್ತಲೇ ಇದ್ದಳು.

ಪಟ್ಟಣದ ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿದಳು. ಗರ್ಭಕೋಶದ ಒಳಗೆ ಇರಬೇಕಾದ ಪದರದಂಥದ್ದೇ ಹೊರಗೂ ಬೆಳೆದು ಕರುಳಿಗೆ ಅಂಟಿಕೊಂಡಿತ್ತು. ನಾಲಿಗೆ ಹೊರಳದ ಹೆಸರು ಅದಕ್ಕೆ, ಎಂಡೊಮೆಟ್ರಿಯೋಸಿಸ್. "ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?" ಎಂದು ಡಾಕ್ಟರಮ್ಮ ಕೇಳಿದಳು.

ಆಮೇಲೆ ಯಾರು ಏನಾದರು ಅಂತೀಯಾ? ಹೆಂಡತಿಗೆ ಆಪರೇಷನ್ ಆಯಿತು, ಮಾತ್ರೆ ನಡೆದಿದೆ. ನೋವು ಪೂರ್ತಿ ಹೋಗಿಲ್ಲ, ನಿನ್ನ ಮುಂದೆ ಸುಳ್ಳು ಹೇಳಲಾರೆ. ಆದರೆ ಸೆರಗು ಕಚ್ಚುವುದು ತಪ್ಪಿತು, ಕಣ್ತುಂಬ ನಿದ್ದೆ ಮಾಡುತ್ತಾಳೆ. ಆ ದಿನ ಬಂದರೆ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಾಳೆ. ನೇಕಾರ ಹಿತ್ತಿಲ ಕೋಣೆಗೆ ಸೌದೆ ತುಂಬಿದ. ಮೈಲಿಗೆಯಾಯಿತು ಎಂದ ಆ ಹಾಸಿನಲ್ಲೇ ಸೀರೆ ನೇಯ್ದು ಅವಳಿಗೆ ಉಡಿಸಿದ. ವೈದ್ಯ ಇವತ್ತಿಗೂ ಮಿಂದ ಮೇಲೆಯೇ ಬರುತ್ತಾನೆ. ಬೇರೆ ಮನೆಗಳಲ್ಲಿ ಅವನಿಗೆ ಮಜ್ಜಿಗೆಯೂ ಸಿಗುತ್ತದೆ.

ಅತ್ತೆ ಒಂದು ದಿನ ಸೊಸೆಯ ಹತ್ತಿರ ಬಂದು ಆ ಕಾಯಿಲೆಯ ಹೆಸರನ್ನು ಮತ್ತೆ ಹೇಳಿಸಿಕೊಂಡಳು. ಆಮೇಲೆ ಸೌದೆಯ ಕೋಣೆಗೆ ಹೋಗಿ ಕೂತು ಅತ್ತಳು. ಅವಳೂ ಪ್ರಾಯದಲ್ಲಿ ಅದೇ ನೆಲದ ಮೇಲೆ ಸೆರಗು ಕಚ್ಚಿ ಹೊರಳಿದವಳು. ಯಾರಿಗೂ ಗೊತ್ತಾಗದ ಹಾಗೆ ತಡೆದುಕೊಂಡವಳು. ಸೊಸೆಗೆ ಹೇಳಿಕೊಡಲು ಅವಳ ಹತ್ತಿರ ಇದ್ದದ್ದೂ ಅದೊಂದೇ.

ಈಗ ಹೇಳು ಮಹಾನಂದಾ, ಗೊತ್ತಾಗದ ಹಾಗೆ ತಡೆದುಕೊಳ್ಳುವುದನ್ನು ಇವತ್ತು ನಾನು ನಿನಗೆ ಕಲಿಸಿದರೆ, ನಾಳೆ ನೀನು ಅದನ್ನು ಯಾರಿಗೆ ಕಲಿಸುತ್ತೀ?