ದುಂಡುಹುಳು ಸುಮ್ಮನಿರಲಾರದ್ದು ಏಕೆ

ಲೋಕ ಹೊಚ್ಚ ಹೊಸದಾಗಿದ್ದ ಕಾಲ. ಕಡಲಿಗೆ ಇನ್ನೂ ಹೋಗಿ ಬರುವುದು ಗೊತ್ತಿರಲಿಲ್ಲ. ನೀರು ನಿಂತಲ್ಲೇ ನಿಂತಿತ್ತು.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹೊನ್ನಿ ಎಂಬಾಕೆ ಮರಳು ಕೆದಕಿ, ಬಳಚು ಎಂಬ ಚಿಪ್ಪಿ ಆರಿಸಿ ಮಕ್ಕಳನ್ನು ಸಾಕುತ್ತಿದ್ದಳು. ಆ ಮರಳಲ್ಲಿ ಕೂದಲೆಳೆಗಿಂತ ಸಣ್ಣ ದುಂಡುಹುಳುಗಳಿದ್ದವು. ಕೆಲವು ಮೇಲಿನ ಹಳದಿ ಮರಳಿನವು, ಕೆಲವು ಅಡಿಯ ಕರಿ ಕೆಸರಿನವು. ಕೊಳೆತದ್ದನ್ನು ಅವು ತಿಂದು ಮುಗಿಸುತ್ತಿದ್ದುದರಿಂದಲೇ ನೆಲ ನಾರುತ್ತಿರಲಿಲ್ಲ, ಬಳಚು ಬದುಕುತ್ತಿತ್ತು. ನೋಡಲು ಎಲ್ಲವೂ ಒಂದೇ ಥರ. ಕಾಲಿಲ್ಲ, ರೆಕ್ಕೆಯಿಲ್ಲ, ಬಣ್ಣವಿಲ್ಲ. ತಮ್ಮ ತಮ್ಮ ಮನೆಯಲ್ಲಿ ಅವು ಇದ್ದವು. ಯಾವುದು ಯಾವುದೆಂದು ಯಾರೂ ಕೇಳಲಿಲ್ಲ.

ಒಂದು ದಿನ ಚಂದ್ರ ಕಡಲನ್ನು ತನ್ನತ್ತ ಎಳೆದ. ಭರತವೆಂಬ ಮೊದಲ ಉಬ್ಬರ ಬಂತು. ನೀರು ಏರಿತು, ಮರಳನ್ನು ಬುಡಮೇಲು ಮಾಡಿತು, ಇಳಿದು ಹೋಯಿತು.

ಹೊನ್ನಿ ಓಡಿಬಂದು ನೋಡಿದಳು. ಮೇಲಿನ ಹುಳುಗಳು ಕೆಳಗೆ ಸಿಕ್ಕಿ ಉಸಿರುಗಟ್ಟಿದ್ದವು. ಕೆಳಗಿನವು ಮೇಲೆ ಬಿದ್ದು ಬಿಸಿಲಿಗೆ ಬೇಯುತ್ತಿದ್ದವು. ಮನೆ ಸೇರಿಸು ಅಕ್ಕಾ ಎಂದು ಎಲ್ಲವೂ ಅಂಗಲಾಚಿದವು. ಒಂದು ಹಿಡಿ ಎತ್ತಿ ಕೆಳಗಿಟ್ಟಳು, ಅರ್ಧ ಸತ್ತವು. ಇನ್ನೊಂದು ಹಿಡಿ ಮೇಲಿಟ್ಟಳು, ಅರ್ಧ ಸತ್ತವು.

"ಎಲ್ಲಾ ಒಂದೇ ಅಲ್ಲವೇ ತಂಗಿ, ಎಲ್ಲಾದರೂ ಹಾಕು," ಎಂದಿತು ಹೊಳೆ.

"ಒಂದೇ ಆಗಿದ್ದರೆ ಅರ್ಧ ಸಾಯುತ್ತಿರಲಿಲ್ಲ, ಹೊಳೆಯಮ್ಮಾ."

ಪಕ್ಕದ ಚಿಪ್ಪಿಯೊಂದರ ತೂತಿನಲ್ಲಿ ನೀರಿನ ಹನಿ ನಿಂತಿತ್ತು. ಅದರೊಳಗಿಂದ ನೋಡಿದರೆ ಹುಳು ದೊಡ್ಡದಾಗಿ ಕಂಡಿತು. ಬಾಯಿ ತೆರೆ ಎಂದಳು. ಒಂದರ ಬಾಯಲ್ಲಿ ಪುಟ್ಟ ಹಲ್ಲಿತ್ತು, ಮರಳಿನ ಕಣಕ್ಕೆ ಅಂಟಿದ್ದನ್ನು ಕೆರೆದು ತಿನ್ನಲು. ಇನ್ನೊಂದರದು ಬೋಳುಬಾಯಿ, ಮೆತ್ತನೆಯ ಕೆಸರು ನುಂಗಲು. ಹಲ್ಲಿದ್ದದ್ದು ಮೇಲೆ, ಬೋಳುಬಾಯಿಯದು ಕೆಳಗೆ. ಹಲ್ಲಿದ್ದದ್ದು ಮೇಲೆ, ಬೋಳುಬಾಯಿಯದು ಕೆಳಗೆ. ಹೊನ್ನಿ ತಲೆ ಎತ್ತದೆ ಆರಿಸಿದಳು.

ಅಷ್ಟರಲ್ಲಿ ಕಡಲು ಮತ್ತೆ ತಿರುಗಿತು. ನೀರು ಪಾದ ಮುಟ್ಟಿತು, ಮೊಣಕಾಲಿಗೆ ಬಂತು. ಕೆಲಸ ಅರ್ಧವೂ ಮುಗಿದಿರಲಿಲ್ಲ. ದಡದಿಂದ ಮಕ್ಕಳು ಅಳುತ್ತಾ ಕರೆದರು. ಹೊನ್ನಿ ಮರಳಿನತ್ತ ಬಾಗಿದಳು.

"ದಿನಾ ಬಂದು ಆರಿಸಲು ನನ್ನಿಂದಾಗದು. ನಿಮ್ಮ ಬಾಯಿ ನಿಮಗೆ ಗೊತ್ತು. ನೀರು ಕಲಸಿದಾಗೆಲ್ಲ ಸುಮ್ಮನೆ ಬಿದ್ದಿರಬೇಡಿ. ಹೊರಳಿ, ಒದ್ದಾಡಿ, ನಿಮ್ಮ ಮನೆ ನೀವೇ ಹುಡುಕಿಕೊಳ್ಳಿ."

ನೀರು ಇಳಿಯುವವರೆಗೆ ಅವಳು ಕೂರಲಾರದೆ, ನಿಲ್ಲಲಾರದೆ ದಡದಲ್ಲಿ ಸುಳಿದಾಡಿದಳು. ಇಳಿದ ಮೇಲೆ ಕೆದಕಿದಳು. ಬಹಳ ಹುಳುಗಳು ಸತ್ತಿದ್ದವು. ಉಳಿದವು ಮಾತ್ರ ಹೊರಳಿ ಹೊರಳಿ ತಮ್ಮ ತಮ್ಮ ಮನೆ ಸೇರಿದ್ದವು. ಬಳಚು ಬಿಗಿಯಾಗಿ ಬಾಯಿ ಮುಚ್ಚಿಕೊಂಡು ಬದುಕಿತ್ತು.

ಕಡಲಿಗೆ ಅಂದಿನಿಂದ ನಿಲ್ಲುವುದೇ ಮರೆತುಹೋಯಿತು, ಹುಳುಗಳಿಗೆ ಸುಮ್ಮನಿರುವುದೂ. ಹೊನ್ನಿ ನೋಡಿದಂತೆಯೇ ಮಗಾ, ಯಾವ ದುಂಡುಹುಳು ಯಾವುದೆಂದು ತಿಳಿಯಬೇಕಾದವರು ಇಂದಿಗೂ ಅದರ ಬಾಯಿ ನೋಡುತ್ತಾರೆ. ಇಳಿತದ ಹೊತ್ತಿಗೆ ನೀನು ಒಂದು ಚಿಟಿಕೆ ಒದ್ದೆ ಮರಳನ್ನು ಭೂತಗನ್ನಡಿಯಲ್ಲಿ ನೋಡಿದರೆ, ಅವು ಸುರುಳಿಯಾಗಿ, ಬಿಚ್ಚಿ, ಮತ್ತೆ ಸುರುಳಿಯಾಗಿ ಒದ್ದಾಡುತ್ತಲೇ ಇರುತ್ತವೆ.