ದಾನವ್ವನ ಲಾಳಿ ಪಡೆ

ಬಹಳ ಹಿಂದಿನ ಮಾತು. ಫೋನು ಅನ್ನುವುದು ಇನ್ನೂ ಅಂಗೈ ಅಗಲದ ಗಾಜಿನ ಹಲಗೆಯಾಗಿದ್ದ ಕಾಲ. ಆ ಕಾಲದಲ್ಲಿ ನೂಲಗೇರಿ ಅಂತ ಒಂದು ಊರಿತ್ತು, ಆ ಊರಲ್ಲಿ ದಾನವ್ವ ಅಂತ ಒಬ್ಬ ನೇಕಾರ ಹೆಣ್ಣುಮಗಳಿದ್ದಳು. ಅವಳ ಹೆಬ್ಬೆರಳು ಗಾಜಿನ ಮೇಲೆ ಓಡುವುದು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲವಂತೆ. ಮಗ್ಗದಲ್ಲಿ ನೂಲು ಹೊತ್ತ ಲಾಳಿ ಓಡಿದ ಹಾಗೆ, ಗಾಳಿ ಅಲುಗಿದ್ದಷ್ಟೇ ತಿಳಿಯುತ್ತಿತ್ತಂತೆ. ಅವಳನ್ನು ಕಂಡವರು ಈಗ ಇಲ್ಲ. ಕಂಡವರ ಮಕ್ಕಳು ತಮ್ಮ ಮಕ್ಕಳಿಗೆ ಹೇಳಿ, ಅವರು ತಮ್ಮ ಮಕ್ಕಳಿಗೆ ಹೇಳಿ, ಹಾಗೆ ನಮ್ಮವರೆಗೆ ಬಂದ ಕಥೆ ಇದು.

ನೂಲಗೇರಿಯಲ್ಲಿ ಮನೆಗಳಿಗಿಂತ ಮಗ್ಗಗಳು ಹೆಚ್ಚು. ಕರೆಂಟಿನ ಮಗ್ಗಗಳು. ಕರೆಂಟು ಬಂತೆಂದರೆ ಊರಿಗೆ ಊರೇ ಖಟಖಟ ಅನ್ನುತ್ತಿತ್ತು. ಆ ಸದ್ದಿನಲ್ಲಿ ಹುಟ್ಟಿ ಆ ಸದ್ದಿನಲ್ಲೇ ಬೆಳೆದ ಜನರ ಗಂಟಲು ದೊಡ್ಡದು. ಅವರು ಗುಟ್ಟು ಹೇಳಿದರೆ ಪಕ್ಕದ ಓಣಿಯವರು ಉತ್ತರ ಕೊಡುತ್ತಿದ್ದರಂತೆ. ಮಗ್ಗದ ಶೆಡ್ಡಿನ ಒಳಗೆ ಮಾತ್ರ ಆ ಗಂಟಲೂ ಸಾಲದು. ಅದಕ್ಕೇ ಒಳಗೆ ಎಲ್ಲರೂ ಕೈಯಲ್ಲಿ ಮಾತಾಡುತ್ತಿದ್ದರು. ಮುಷ್ಟಿ ಎತ್ತಿದರೆ ಮಗ್ಗ ನಿಲ್ಲಿಸು ಎಂದು. ತಲೆ ಎರಡೂ ಕಡೆ ಆಡಿಸಿದರೆ ಎಳೆ ಹರಿದಿದೆ ಎಂದು. ಮೂಗಿನ ಕೆಳಗೆ ಬೆರಳಿಟ್ಟು ಮೀಸೆ ತಿರುವಿದರೆ ಸಾಹುಕಾರ ಬಾಗಿಲಿಗೆ ಬಂದ ಎಂದು. ಮೀಸೆ ಇಲ್ಲದ ಹೆಂಗಸರೂ ಹಾಗೇ ತಿರುವುತ್ತಿದ್ದರು. ಈ ಮೀಸೆಯ ಸನ್ನೆಗಾಗಿಯೇ ನೂಲಗೇರಿಯ ನೇಕಾರರಿಗೆ ಒಂದು ಅಭ್ಯಾಸ ಬೆಳೆದಿತ್ತು. ಕೈ ಎಷ್ಟೇ ಕೆಲಸದಲ್ಲಿರಲಿ, ಕಣ್ಣು ಆಗಾಗ ಬಟ್ಟೆ ಬಿಟ್ಟು ಬಾಗಿಲ ಕಡೆ ಹೋಗಿ ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಕಥೆ ಇದರ ಮೇಲೆಯೇ ನಿಂತಿದೆ.

ಕರೆಂಟು ಹೋದಾಗ ಮಗ್ಗ ನಿಲ್ಲುತ್ತಿತ್ತು. ಮಗ್ಗ ನಿಂತಾಗ ಫೋನು ಹೊರಗೆ ಬರುತ್ತಿತ್ತು. ಆಗ ಎಲ್ಲೆಡೆ ಒಂದು ಕೋಟೆಯಾಟ ನಡೆಯುತ್ತಿತ್ತಂತೆ. ಗಾಜಿನೊಳಗೆ ಒಂದು ಬಯಲು, ಬಯಲಿನ ನಡುವೆ ಹೊಳೆ, ಎರಡೂ ದಂಡೆಯ ಗುಡ್ಡದ ಮೇಲೆ ಒಂದೊಂದು ಕೋಟೆ. ಒಂದೊಂದು ಪಡೆಗೆ ಐವರು, ಐವರಿಗೆ ಐದು ಗೊಂಬೆ. ಯಾವ ಪಡೆ ಎದುರಾಳಿಯ ಬಾವುಟ ಕೀಳುತ್ತದೋ ಅದು ಗೆದ್ದಂತೆ. ಆಡುವವರು ಎಲ್ಲೆಲ್ಲೋ ಇರುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿರುತ್ತಿರಲಿಲ್ಲ, ಆದರೆ ಬಯಲಲ್ಲಿ ಎದುರಾದರೆ ವೈರಿಗಳು.

ದಾನವ್ವ ಪಡೆ ಕಟ್ಟಿದಳು. ಅವಳ ಜೊತೆ ದಸ್ತಗೀರ, ಸಾವಂತ್ರಿ, ಪರಸಪ್ಪ, ಮತ್ತೆ ಈರಭದ್ರ. ಎಲ್ಲರೂ ಮಗ್ಗದವರೇ, ಆದರೆ ಬೇರೆ ಬೇರೆ ಓಣಿಯ ಶೆಡ್ಡುಗಳಲ್ಲಿ ಕೆಲಸ. ಲಾಳಿ ಪಡೆ ಅಂತ ಹೆಸರಿಟ್ಟವನು ಈರಭದ್ರ. ಅವನು ನಗುಮುಖದವನು, ತನ್ನ ಗೊಂಬೆಗೆ ಹುಡುಕಿ ಹುಡುಕಿ ದಪ್ಪ ಮೀಸೆ, ಕೆಂಪು ರುಮಾಲು ತೊಡಿಸಿದ್ದನಂತೆ.

ಮೊದಮೊದಲು ಲಾಳಿ ಪಡೆ ಸೋತದ್ದೇ ಸೋತದ್ದು. ಯಾಕೆ ಸೋಲುತ್ತೇವೆ ಅಂತ ಅವರಿಗೇ ತಿಳಿಯಲಿಲ್ಲ. ಆ ಆಟದಲ್ಲಿ ಒಂದು ಕಟ್ಟಳೆ ಇತ್ತು. ಆಡುವವರು ಫೋನಿನಲ್ಲಿ ಒಬ್ಬರಿಗೊಬ್ಬರು ಮಾತಾಡಬಹುದು, ಆದರೆ ವೈರಿಯ ಗೊಂಬೆ ಹತ್ತಿರ ಬಂದರೆ ಆ ಮಾತು ವೈರಿಗೂ ಕೇಳುತ್ತದೆ. ಬೇರೆಯವರು ಹತ್ತಿರ ಹೋದಾಗ ಪಿಸುಗುಡುತ್ತಿದ್ದರು. ನೂಲಗೇರಿಯವರಿಗೆ ಪಿಸುಗುಡಲು ಬರುತ್ತಿರಲಿಲ್ಲ. ಪರಸಪ್ಪ ಬಂಡೆಯ ಹಿಂದೆ ಅಡಗಿ ಕೂತು, "ನಾ ಬಂಡಿ ಹಿಂದ ಅಡಗೇನಿ, ಯಾರಿಗೂ ಹೇಳಬ್ಯಾಡ್ರಿ!" ಅಂತ ಕೂಗುತ್ತಿದ್ದನಂತೆ. ವೈರಿಗಳು ಬಂದು ಬಂಡೆ ಸುತ್ತುವರಿದು, "ಹೇಳೋದಿಲ್ಲ ಬಿಡಣ್ಣ" ಅಂದು ಹೊಡೆದು ಹೋಗುತ್ತಿದ್ದರಂತೆ. ಬಯಲಿನ ತುಂಬ ಅವರಿಗೆ ಸಂತೆ ಪಡೆ ಅಂತ ಅಡ್ಡಹೆಸರು ಬಿತ್ತು.

ದಾನವ್ವ ಇದನ್ನು ಮನಸ್ಸಿಗೆ ಹಚ್ಚಿಕೊಂಡಳು. ಒಂದು ದಿನ ಶೆಡ್ಡಿನಲ್ಲಿ ಮಗ್ಗ ಓಡಿಸುತ್ತಾ ಇದ್ದಾಗ ಎದುರು ಮಗ್ಗದವಳು ತಲೆ ಆಡಿಸಿದಳು, ಎಳೆ ಹರಿದಿದೆ ಎಂದು. ದಾನವ್ವ ಮಗ್ಗ ನಿಲ್ಲಿಸಿದವಳು ಎಳೆ ಕಟ್ಟುವುದನ್ನೇ ಮರೆತು ನಿಂತಳಂತೆ. ಗೊಂಬೆಗಳಿಗೂ ಸನ್ನೆಗಳಿದ್ದವಲ್ಲ! ಗುಂಡಿ ಒತ್ತಿದರೆ ಗೊಂಬೆ ಕೈ ಎತ್ತುತ್ತಿತ್ತು, ತಲೆ ಆಡಿಸುತ್ತಿತ್ತು, ಕುಣಿಯುತ್ತಿತ್ತು, ಮೀಸೆ ತಿರುವುತ್ತಿತ್ತು. ಬೇರೆಯವರು ಅವನ್ನು ಚೇಷ್ಟೆಗೆ ಬಳಸುತ್ತಿದ್ದರು, ಗೆದ್ದ ಮೇಲೆ ಅಣಕಿಸಲು.

ಕರೆಂಟು ಹೋದ ಕೂಡಲೇ ಉಳಿದ ನಾಲ್ವರನ್ನೂ ನೀರಿನ ಟಾಕಿಯ ಹತ್ತಿರ ಕರೆದಳು. ಇನ್ನು ಮೇಲೆ ಬಯಲಲ್ಲಿ ಯಾರೂ ಬಾಯಿ ಬಿಡಕೂಡದು, ಶೆಡ್ಡಿನೊಳಗೆ ಹೇಗಿರುತ್ತೇವೋ ಹಾಗೇ ಇರಬೇಕು ಅಂದಳು.

"ಬಾಯಿ ಮುಚ್ಚಿ ಹೆಂಗ ಆಡೋದಬೇ? ಉಸಿರು ಕಟ್ಟತೈತಿ" ಅಂದ ಪರಸಪ್ಪ.

"ನೀ ಬಾಯಿ ತೆಗದ್ರ ನಮ್ಮೆಲ್ಲಾರ ಉಸಿರು ಹೋಗತೈತಿ" ಅಂದಳು ಸಾವಂತ್ರಿ.

ಅಲ್ಲಿಂದ ಲಾಳಿ ಪಡೆಯ ದಿನಗಳು ತಿರುಗಿದವು. ಬಯಲಲ್ಲಿ ಐದು ಗೊಂಬೆಗಳು ಮಾತಿಲ್ಲದೆ ಬರುತ್ತಿದ್ದವು. ಒಂದು ತಲೆ ಆಡಿಸುತ್ತಿತ್ತು, ಇನ್ನೊಂದು ಕುಣಿಯುತ್ತಿತ್ತು. ವೈರಿಗಳು, ಇವರಿಗೆ ಹುಚ್ಚು ಹಿಡಿದಿದೆ, ಕಾಳಗ ಬಿಟ್ಟು ಕುಣಿಯುತ್ತಿದ್ದಾರೆ ಎಂದು ನಕ್ಕರಂತೆ. ನಗು ಮುಗಿಯುವುದರೊಳಗೆ ಅವರ ಬಾವುಟ ದಾನವ್ವನ ಕೈಯಲ್ಲಿರುತ್ತಿತ್ತಂತೆ. ಹೊಳೆಯ ಈಚೆಯವರು ಸೋತರು, ಆಚೆಯವರು ಸೋತರು. ಸಮುದ್ರದಾಚೆಯ ಪಡೆಯೊಂದು ದಾನವ್ವನ ಗೊಂಬೆ ಕುಣಿಯುವುದನ್ನು ಕಂಡು ಕೋಟೆ ಬಿಟ್ಟು ಓಡಿತು ಎಂದೂ ಹೇಳುತ್ತಾರೆ. ಅಷ್ಟು ನಿಜವೋ ಅಲ್ಲವೋ, ಸಂತೆ ಪಡೆ ಅನ್ನುವ ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲ ಅನ್ನುವುದು ನಿಜ.

ಆ ಏಳಿಗೆಯ ನಡುವೆಯೇ ಈರಭದ್ರನಿಗೆ ಕಾಮಾಲೆ ಬಂತು. ಔಷಧ ಕೊಡಿಸಿದರು, ದೊಡ್ಡ ಆಸ್ಪತ್ರೆಗೆ ಒಯ್ದರು. ಅವನು ಉಳಿಯಲಿಲ್ಲ.

ಈರಭದ್ರನಿಗೆ ತಾಯಿ ಒಬ್ಬಳೇ, ಸತ್ಯವ್ವ. ವಯಸ್ಸು ಕಳೆದದ್ದೆಲ್ಲ ಮಗ್ಗದ ಶೆಡ್ಡಿನಲ್ಲೇ. ಮಗ ಹೋದ ಮೇಲೆ ಒಂದು ದಿನ ಅವಳು ಅವನ ಫೋನು ಹಿಡಿದುಕೊಂಡು ದಾನವ್ವನ ಮನೆಗೆ ಬಂದಳು. ಇದರೊಳಗೆ ನನ್ನ ಮಗ ಆಡುತ್ತಿದ್ದನಲ್ಲ, ಅದನ್ನು ಒಮ್ಮೆ ತೋರಿಸು ಅಂದಳು. ದಾನವ್ವ ಆಟ ತೆರೆದಳು. ಕೋಟೆಯ ಬಾಗಿಲಲ್ಲಿ ಈರಭದ್ರನ ಗೊಂಬೆ ನಿಂತಿತ್ತು. ಕೊನೆಯ ಸಲ ಎಲ್ಲಿ ನಿಲ್ಲಿಸಿದ್ದನೋ ಅಲ್ಲೇ, ಅದೇ ದಪ್ಪ ಮೀಸೆ, ಗಾಳಿಗೆ ಅಲುಗುವ ಅದೇ ಕೆಂಪು ರುಮಾಲು. ಸತ್ಯವ್ವ ನೋಡುತ್ತಾ ಕೂತಳು. ಮರುದಿನವೂ ಬಂದಳು. ಅದರ ಮರುದಿನವೂ ಬಂದಳು. ಬಂದು ಕೂತು, ನೋಡಿ, ಸೆರಗಿನಿಂದ ಗಾಜು ಒರೆಸಿ ಹೋಗುತ್ತಿದ್ದಳು. ದಾನವ್ವ ಬೆಲ್ಲದ ಚಹಾ ಮಾಡಿ ಪಕ್ಕದಲ್ಲಿಡುತ್ತಿದ್ದಳು, ಅಷ್ಟೇ.

ಬೇರೊಬ್ಬನನ್ನು ಪಡೆಗೆ ಸೇರಿಸಿಕೊಳ್ಳಬಹುದಿತ್ತು. ಆದರೆ ಹೊಸಬ ಬಂದರೆ ಹಳೆಯವನ ಗೊಂಬೆ ಅಳಿಸಿಹೋಗುತ್ತದೆ, ಅದು ಆಟದ ಕಟ್ಟಳೆ. ದಾನವ್ವ ಒಪ್ಪಲಿಲ್ಲ. ನಾಲ್ವರೇ ಆಡಿದರು. ಕಾಳಗ ಶುರುವಾಗುವಾಗ ಐದು ಫೋನೂ ತೆರೆದಿರಬೇಕಾದ್ದರಿಂದ ಈರಭದ್ರನ ಫೋನನ್ನು ತೆರೆದು ಮಗ್ಗದ ಮೇಲೆ ಇಡುತ್ತಿದ್ದರು. ಅವನ ಗೊಂಬೆ ಬಾಗಿಲಲ್ಲಿ ಅಲುಗದೆ ನಿಂತಿರುತ್ತಿತ್ತು. ನಾಲ್ಕು ಜನ ಮತ್ತು ಒಂದು ಬೆದರುಬೊಂಬೆ ಎಂದು ಬಯಲೆಲ್ಲ ಆಡಿಕೊಂಡಿತು. ಗೆಲುವು ಕಡಿಮೆಯಾಯಿತು. ಆದರೂ ನಿಂತರು.

ಆಗ ಬಂತು ಗರುಡ ಪಡೆಯ ಕರೆ.

ಗರುಡ ಪಡೆ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿದ್ದ ಪಡೆ. ಅದರ ನಾಯಕ ಗರುಡರಾಯ ಎಂದು ಕರೆಸಿಕೊಳ್ಳುತ್ತಿದ್ದ. ಅವನು ಹೆಸರಿನ ಕಾಳಗಕ್ಕೆ ಕರೆದ. ಹೆಸರಿನ ಕಾಳಗದಲ್ಲಿ ಸೋತ ಪಡೆ ಇಲ್ಲವಾಗುತ್ತದೆ. ಹೆಸರು, ಬಾವುಟ, ಐದೂ ಗೊಂಬೆಗಳು ಅಳಿಯುತ್ತವೆ. ಮೇಲಿನವರು ಕರೆದಾಗ ಒಲ್ಲೆ ಅಂದರೂ ಸೋತಂತೆಯೇ ಲೆಕ್ಕ.

ದಸ್ತಗೀರ ದಾನವ್ವನ ಮನೆಗೆ ಬಂದ. "ಅಕ್ಕಾ, ನಮ್ಮ ಗೊಂಬಿ ಹೋದ್ರ ಇನ್ನೊಂದು ಮಾಡ್ಕೋಬಹುದು. ಈರಭದ್ರಂದು ಹೆಂಗ ಮಾಡೋದು?" ಅಂದ.

"ಅದಕ್ಕ ಸೋಲೂಹಂಗಿಲ್ಲ" ಅಂದಳು ದಾನವ್ವ.

ಹೇಳಿದಳು ನಿಜ, ಆದರೆ ಮಗ್ಗದ ಮುಂದೆ ನಿಂತರೆ ಕೆಲಸ ಸಾಗಲಿಲ್ಲ. ಸೋತ ಮರುದಿನ ಸತ್ಯವ್ವ ಬಂದು ಫೋನು ಚಾಚಿದರೆ ಏನು ತೋರಿಸುವುದು? ಅದೊಂದೇ ಯೋಚನೆ ಅವಳ ಕೈಯಲ್ಲಿದ್ದ ಎಳೆಗಳನ್ನು ಮತ್ತೆ ಮತ್ತೆ ಹರಿಯುತ್ತಿತ್ತಂತೆ.

ಕಾಳಗದ ದಿನ ಮಧ್ಯಾಹ್ನ, ಕರೆಂಟು ಹೋದ ಹೊತ್ತಿಗೆ, ಸತ್ಯವ್ವ ತಾನೇ ದಾನವ್ವನ ಶೆಡ್ಡಿಗೆ ಬಂದಳು. ಯಾರು ಹೇಳಿದ್ದರೋ, ಅವಳಿಗೆ ಎಲ್ಲ ಗೊತ್ತಾಗಿತ್ತು. ಮಗನ ಫೋನನ್ನು ಮಗ್ಗದ ಮೇಲೆ ಇಡಬೇಡ, ನಾನು ಹಿಡಿದುಕೊಳ್ಳುತ್ತೇನೆ ಅಂದಳು.

"ನನಗೇನೂ ಆಡಾಕ ಬರಂಗಿಲ್ಲವ್ವ."

"ನೀ ಏನೂ ಮಾಡಬ್ಯಾಡ ಯವ್ವಾ" ಅಂದಳು ದಾನವ್ವ. "ಅಂವ ನಿಂತಿರ್ಲಿ, ಸಾಕು."

ಸತ್ಯವ್ವ ಗೋಡೆಗೆ ಒರಗಿ ಕೂತಳು. ಗಾಜಿನ ಅಂಚಿನಲ್ಲಿದ್ದ ಪುಟ್ಟ ಪುಟ್ಟ ಚಿತ್ರಗಳನ್ನು ನೋಡಿದಳು. ಎತ್ತಿದ ಕೈ, ವಾಲಿದ ತಲೆ, ಮೀಸೆ. ಶೆಡ್ಡಿನಲ್ಲಿ ಮುದುಕಿಯಾದವಳಿಗೆ ಅವು ಏನೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕಾಳಗ ಶುರುವಾಯಿತು. ಹಾಗೆ ನಡೆದ ಕಾಳಗ ಮುಂಚೆ ಇರಲಿಲ್ಲ, ಆಮೇಲೂ ಇಲ್ಲ ಅನ್ನುತ್ತಾರೆ. ಹೊಳೆಯ ದಂಡೆಯಲ್ಲಿ ನಾಲ್ವರಿಗೆ ನಾಲ್ವರು ಎದುರಾದರು. ದಸ್ತಗೀರ ಎಡಕ್ಕೆ, ಸಾವಂತ್ರಿ ಬಲಕ್ಕೆ, ಹಾಸಿನ ಎಳೆಗಳ ನಡುವೆ ಹೊಕ್ಕಿನ ಎಳೆ ನುಗ್ಗಿದ ಹಾಗೆ ದಾನವ್ವ ನಟ್ಟನಡುವೆ. ಗರುಡ ಪಡೆ ಹಿಂದೆ ಸರಿಯಿತು, ಲಾಳಿ ಪಡೆ ಮುಂದೆ ಹೋಯಿತು. ಗರುಡ ಪಡೆ ಮತ್ತೂ ಹಿಂದೆ ಸರಿಯಿತು. ಪರಸಪ್ಪನ ಗೊಂಬೆ ಖುಷಿಗೆ ಕುಣಿಯಿತಂತೆ. ಎದುರು ನಾಲ್ವರೇ ಇದ್ದಾರೆ, ಐದನೆಯವನು ಎಲ್ಲಿ ಅಂತ ಆ ಅಬ್ಬರದಲ್ಲಿ ಯಾರಿಗೂ ಹೊಳೆಯಲಿಲ್ಲ.

ಐದನೆಯವನು ಗರುಡರಾಯ. ಅವನು ಹೊಳೆಯನ್ನು ಬಳಸಿ, ಗುಡ್ಡದ ಬೆನ್ನು ಹತ್ತಿ, ಲಾಳಿ ಪಡೆಯ ಕೋಟೆಗೆ ಒಬ್ಬನೇ ಬಂದಿದ್ದ. ಬಾಗಿಲಲ್ಲಿ ಬೆದರುಬೊಂಬೆ ನಿಂತಿದೆ ಎಂದು ಅವನಿಗೆ ಗೊತ್ತಿತ್ತು. ಅದರತ್ತ ತಿರುಗಿಯೂ ನೋಡದೆ ಒಳಗೆ ಕಾಲಿಟ್ಟ.

ಸತ್ಯವ್ವ ಅವನನ್ನು ಕಂಡಳು. ಆಟ ಅವಳಿಗೆ ತಿಳಿಯದು, ಬಾವುಟ ತಿಳಿಯದು. ಬಾಗಿಲಿಗೆ ಯಾರೋ ಬಂದದ್ದು ತಿಳಿಯಿತು. ಬಾಗಿಲಿಗೆ ಯಾರಾದರೂ ಬಂದರೆ ಏನು ಮಾಡಬೇಕೆಂದು ಅವಳ ಬೆರಳಿಗೆ ತಿಳಿದಿತ್ತು. ಅವಳು ಮೀಸೆಯನ್ನು ಒತ್ತಿದಳು.

ತಿಂಗಳುಗಟ್ಟಲೆ ಅಲುಗದೆ ನಿಂತಿದ್ದ ಈರಭದ್ರ ಕೈ ಎತ್ತಿ ಮೀಸೆ ತಿರುವಿದ.

ಗರುಡರಾಯ ಬೆಚ್ಚಿದ. ಸತ್ತವನ ಗೊಂಬೆ ಅದು ಎಂದು ಬಯಲಿಗೆಲ್ಲ ಗೊತ್ತಿದ್ದ ಮಾತು. ಬಾವುಟದ ಕಡೆ ಚಾಚಿದ್ದ ಕೈ ಹಾಗೇ ನಿಂತಿತು. ಸತ್ಯವ್ವ ಮತ್ತೆ ಒತ್ತಿದಳು. ಈರಭದ್ರ ಮತ್ತೆ ತಿರುವಿದ. "ಏಯ್, ಯಾರೋ ನೀನು?" ಅಂತ ಗರುಡರಾಯ ಕೂಗಿದ್ದು ಸತ್ಯವ್ವನ ಕೈಯಲ್ಲಿದ್ದ ಫೋನಿನಿಂದ ಕೇಳಿತಂತೆ. ಅವಳು ಮೂರನೆಯ ಸಲ ಒತ್ತಿದಳು.

ಅತ್ತ ಹೊಳೆಯ ದಂಡೆಯಲ್ಲಿ ಗೆಲುವಿಗೆ ಹೊಳೆ ದಾಟುವುದೊಂದೇ ಬಾಕಿ ಇತ್ತು. ಅಂಥ ಹೊತ್ತಿನಲ್ಲಿ ಬೇರೆ ಯಾರೂ ಹಿಂದಕ್ಕೆ ನೋಡುತ್ತಿರಲಿಲ್ಲ. ಆದರೆ ದಾನವ್ವ ನೂಲಗೇರಿಯ ನೇಕಾರ ಹೆಣ್ಣುಮಗಳು. ಅವಳ ಕಣ್ಣು ಅವಳನ್ನು ಕೇಳದೆಯೇ ಬಾಗಿಲ ಕಡೆ ಹೋಯಿತು. ಗುಡ್ಡದ ಮೇಲೆ, ಕೋಟೆಯ ಬಾಗಿಲಲ್ಲಿ, ಕೆಂಪು ರುಮಾಲಿನ ಈರಭದ್ರ ಮೀಸೆ ತಿರುವುತ್ತಿದ್ದ.

ಪಕ್ಕದಲ್ಲಿ ಕೂತಿದ್ದ ಸತ್ಯವ್ವ ಆ ಕ್ಷಣಕ್ಕೆ ದಾನವ್ವನ ನೆನಪಿಗೆ ಬರಲಿಲ್ಲವಂತೆ. ಅವನೇ ಕರೆಯುತ್ತಿದ್ದಾನೆ ಅಂತಲೇ ಅನ್ನಿಸಿತಂತೆ. ದಾನವ್ವನ ಗೊಂಬೆ ಮುಷ್ಟಿ ಎತ್ತಿ, ಮೀಸೆ ತಿರುವಿತು. ಸಾವಂತ್ರಿ ಕಂಡಳು, ದಸ್ತಗೀರ ಕಂಡ, ಪರಸಪ್ಪ ಕುಣಿತ ನಿಲ್ಲಿಸಿದ. ಗರುಡ ಪಡೆಯ ನಾಲ್ವರಿಗೆ ಏನಾಯಿತೆಂದು ತಿಳಿಯುವ ಮೊದಲೇ ಮೂವರು ಗುಡ್ಡ ಹತ್ತುತ್ತಿದ್ದರು. ಗರುಡರಾಯ ಬಾವುಟಕ್ಕೆ ಕೈ ಹಾಕಿದ. ಕೀಳಲಿಲ್ಲ. ದಸ್ತಗೀರನ ಏಟು ಅವನನ್ನು ಕೋಟೆಯ ಗೋಡೆಯಿಂದ ಆಚೆಗೆ ಎಸೆಯಿತು.

ದಾನವ್ವ ಮಾತ್ರ ಗುಡ್ಡ ಹತ್ತಿರಲಿಲ್ಲ. ಮೂವರ ಹಿಂದೆ ಓಡಿದ ಗರುಡ ಪಡೆ ತನ್ನ ಕೋಟೆಯನ್ನು ಬರಿದಾಗಿ ಬಿಟ್ಟಿತ್ತು. ಅವಳು ಹೊಳೆ ದಾಟಿದಳು. ನೀರು ಅವಳಿಗೆ ದಾರಿ ಬಿಟ್ಟಿತು ಎಂದು ಕೆಲವರು ಹೇಳುತ್ತಾರೆ. ಬಾವುಟ ಕಿತ್ತು ತಲೆಯ ಮೇಲೆ ಎತ್ತಿದಾಗ ನೂಲಗೇರಿಗೆ ಕರೆಂಟು ಬಂತು, ಎಲ್ಲ ಓಣಿಗಳ ಮಗ್ಗಗಳೂ ಒಟ್ಟಿಗೆ ಖಟಖಟ ಅಂದವು. ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಪರಸಪ್ಪ ಟಾಕಿಯ ಮೇಲೆ ಹತ್ತಿ ಕೂಗಿದ್ದು ಆ ಮಗ್ಗಗಳ ಸದ್ದನ್ನೂ ಮೀರಿ ಮೂರೂರಿಗೆ ಕೇಳಿತಂತೆ.

ಸತ್ಯವ್ವ ಇನ್ನೂ ಫೋನು ಹಿಡಿದೇ ಕೂತಿದ್ದಳು. ನಾನೇನಾದರೂ ಕೆಡಿಸಿದೆನೇನು ಅಂತ ಕೇಳಿದಳಂತೆ. ಏನೂ ಮಾಡಬೇಡ ಅಂತ ನೀನು ಅಂದಿದ್ದೆ, ಕೈ ತಡೆಯಲಿಲ್ಲ ಅಂದಳಂತೆ. ದಾನವ್ವ ಅವಳ ಮುಂದೆ ಮಂಡಿಯೂರಿ ಕೂತಳು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವ ಹಾಗಿರಲಿಲ್ಲ, ತುಟಿ ನೋಡಿಯೇ ತಿಳಿಯಬೇಕಿತ್ತು. ಅದಕ್ಕೇ ದಾನವ್ವ ತನ್ನ ಮೂಗಿನ ಕೆಳಗೆ ಬೆರಳಿಟ್ಟು ಇಲ್ಲದ ಮೀಸೆಯನ್ನು ತಿರುವಿದಳು. ಮಗ ಹೋದ ಮೇಲೆ ಸತ್ಯವ್ವ ನಕ್ಕದ್ದನ್ನು ಊರು ಕಂಡದ್ದು ಅಂದೇ ಮೊದಲು.

ಲಾಳಿ ಪಡೆ ಆಮೇಲೆ ಬಹಳ ಕಾಲ ಬಾಳಿತು. ಸತ್ಯವ್ವ ಇರುವವರೆಗೂ ಐದನೆಯ ಫೋನು ಅವಳದೇ ಆಗಿತ್ತು, ಆಟ ಕಲಿಯುವ ಗೋಜಿಗೆ ಅವಳು ಹೋಗಲಿಲ್ಲ. ಆ ದಿನ ಫೋನು ಯಾರ ಕೈಯಲ್ಲೂ ಇರಲೇ ಇಲ್ಲ, ಗೊಂಬೆ ತಾನಾಗಿಯೇ ಕೈ ಎತ್ತಿತು ಎಂದು ಹೇಳುವವರೂ ಇದ್ದಾರೆ. ಅವರೊಡನೆ ನೂಲಗೇರಿಯವರು ವಾದ ಮಾಡುವುದಿಲ್ಲ.

ಆ ಆಟ ಈಗಿಲ್ಲ, ಆ ಬಯಲೂ ಇಲ್ಲ, ಗಾಜಿನ ಹಲಗೆಗಳೂ ಇಲ್ಲ. ಆದರೆ ಇವತ್ತಿಗೂ ನೂಲಗೇರಿಯಲ್ಲಿ ಯಾರು ಯಾವ ಆಟಕ್ಕೆ ಇಳಿಯಲಿ, ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ. ಕಬಡ್ಡಿಯಾದರೂ ಸರಿ, ಮಕ್ಕಳ ಕುಂಟಾಬಿಲ್ಲೆಯಾದರೂ ಸರಿ. ಮನೆಯಲ್ಲಿ ಮುದುಕಿಯರಿದ್ದರೆ ಅವರನ್ನೇ ಕರೆತಂದು ನಿಲ್ಲಿಸುತ್ತಾರೆ. ಉಳಿದವರೆಲ್ಲ ಬಾಗಿಲ ಕಡೆ ತಿರುಗಿ ಕಾಯುತ್ತಾರೆ. ಬಾಗಿಲಲ್ಲಿ ನಿಂತವರು ಮೀಸೆ ತಿರುವುತ್ತಾರೆ. ಆಮೇಲೆಯೇ ಆಟ ಶುರು.