ದೊಣೆಯ ನೀರು

"ಗುರುಗಳೇ, ವ್ಯಾಪಾರಿ ಕಾಲಿಟ್ಟ ಜಾಗವೆಲ್ಲ ಏಕೆ ಕೆಡುತ್ತದೆ?" ಎಂದು ಶಿಷ್ಯ ಕೇಳಿದ. ಗುರುಗಳ ಗುಡಿಸಲಿದ್ದ ಬೆಟ್ಟಕ್ಕೆ ಒಬ್ಬ ವರ್ತಕ ಆ ವರ್ಷವಷ್ಟೇ ಮೆಟ್ಟಿಲು ಕಟ್ಟಿಸಿ, ಕೆಳಗೆ ಅಂಗಡಿಗಳನ್ನು ಇಡಿಸಿದ್ದ. ಹಳೆಯ ಕಾಲುದಾರಿ ಪಕ್ಕದಲ್ಲಿ ಹಾಗೇ ಇತ್ತು. ಅಂಗಡಿಗಳನ್ನು ಕಂಡು ಶಿಷ್ಯನಿಗೆ ಮೈಯೆಲ್ಲ ಉರಿದಿತ್ತು.

"ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಕೂತುಕೋ," ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಿನ ಹೊರಗೆ ದೊಡ್ಡ ಬಂಡೆಯಿತ್ತು. ಬಂಡೆ ಹತ್ತುವ ಹುಚ್ಚಿನವರು ಎಲ್ಲೆಲ್ಲಿಂದಲೋ ಬರುತ್ತಿದ್ದರು. ಸೊಂಟಕ್ಕೆ ಹಗ್ಗ ಬಿಗಿದು, ಬಿರುಕಿಗೆ ಬೆರಳು ಕೊಟ್ಟು ಹತ್ತುವುದು. ಬಂಡೆಯ ನೆತ್ತಿಯಲ್ಲಿ ಒಂದು ದೊಣೆ, ಅಂದರೆ ಕಲ್ಲಿನಲ್ಲೇ ಆದ ಹೊಂಡ, ಅದರಲ್ಲಿ ಮಳೆಯ ನೀರು. ಮೊದಲ ಸಲ ಹತ್ತಿದವರಿಗೆ, ಹತ್ತಲು ಕಲಿಸಿದವರು ತಮ್ಮ ಬೊಗಸೆಯಿಂದ ಆ ನೀರು ಕುಡಿಸಬೇಕು. ಕೆಳಗಿನಿಂದ ನೀರು ಒಯ್ಯುವಂತಿಲ್ಲ. ಅದು ಅವರ ಪದ್ಧತಿ.

ಅವರಲ್ಲೊಬ್ಬನಿಗೆ ಆ ಬಂಡೆಯೆಂದರೆ ಪ್ರಾಣ. ಸ್ವಲ್ಪ ದೊಡ್ಡವಳಾಗು, ನನ್ನ ಕೈಯಾರೆ ದೊಣೆಯ ನೀರು ಕುಡಿಸುತ್ತೇನೆ ಎಂದು ಪುಟ್ಟ ಮಗಳಿಗೆ ಮಾತು ಕೊಟ್ಟಿದ್ದ. ಅವಳೂ ಅದನ್ನೇ ಜಪಿಸುತ್ತಿದ್ದಳು.

ಬಂಡೆಯ ಬುಡದಲ್ಲಿ ಒಬ್ಬ ವ್ಯಾಪಾರಿ ಮಂಡಕ್ಕಿ ಮಾರುತ್ತಿದ್ದ. ಮಗಳಿಗೆ ಮಾತು ಕೊಟ್ಟಿದ್ದವನು ಒಂದು ದಿನ ಬಂಡೆ ಇಳಿದು ಬಂದವನೇ, ಬಿಸಿ ಚಹಾ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದ. ಮುಂದಿನ ವಾರ ಚಹಾ ಇತ್ತು. ಚಹಾ ಕುಡಿಯಲು ನೆರಳು ಬೇಡವೇ? ಅದನ್ನೂ ಕೇಳಿದ. ಕಾರು ಬಂಡೆಯ ಹತ್ತಿರಕ್ಕೇ ಬಂದರೆ ಹಗ್ಗ ಹೊರುವುದು ತಪ್ಪುತ್ತಿತ್ತಲ್ಲ ಎಂದ, ರಸ್ತೆ ಬಂತು. ವಯಸ್ಸಾದ ಅಪ್ಪ ಅಮ್ಮ ಮೇಲಿನ ನೋಟವನ್ನು ಕಾಣಲೇ ಇಲ್ಲ ಎಂದು ಒಮ್ಮೆ ಕೊರಗಿದ. ಮೆಟ್ಟಿಲೂ ಬಂದವು. ಇಷ್ಟೆಲ್ಲ ದುಡ್ಡು ಸುರಿದವನು ಟಿಕೆಟ್ ಇಡದೆ ಬಿಡುತ್ತಾನೆಯೇ? ಇಷ್ಟೂ ಹೊಳೆಯದ ಬುದ್ಧಿವಂತರು ಈ ಬಂಡೆ ಹತ್ತುವವರು!

ಮಗಳು ಬೆಳೆದಳು. ಅವನು ಹಗ್ಗ ಹೆಗಲಿಗೇರಿಸಿ ಅವಳನ್ನು ಕರೆತಂದ. ಅವಳು ಬಿರುಕಿಗೆ ಬೆರಳಿಟ್ಟಳೋ ಇಲ್ಲವೋ, ವ್ಯಾಪಾರಿ ಇಟ್ಟಿದ್ದ ಕಾವಲುಗಾರ ಸೀಟಿ ಊದಿದ.

"ಬಂಡೆ ಹತ್ತಂಗಿಲ್ಲ ಸಾರ್. ಬಿದ್ರೆ ಯಾರು ಜವಾಬ್ದಾರಿ? ಅಲ್ಲಿ ಮೆಟ್ಟಿಲಿದೆ ನೋಡಿ."

ಬೇರೆ ದಾರಿಯಿಲ್ಲದೆ ಮೆಟ್ಟಿಲಿನಲ್ಲೇ ಹೋದರು. ದೊಣೆಯ ಮೇಲೆ ಕಬ್ಬಿಣದ ಜಾಲರಿ, ಒಳಗೆ ಪಾಚಿಗಟ್ಟಿದ ನೀರಿನಲ್ಲಿ ಖಾಲಿ ಬಾಟಲಿಗಳು. "ಇದೇನಾ ಅಪ್ಪ, ಆ ನೀರು?" ಎಂದಳು ಮಗಳು.

ಅವನು ಇಳಿದು ಬಂದು ವ್ಯಾಪಾರಿಯ ಮೇಲೆ ಹರಿಹಾಯ್ದ. "ಹಾಳು ಮಾಡಿಬಿಟ್ಟೆಯಲ್ಲೋ ನನ್ನ ಬಂಡೇನ!"

ವ್ಯಾಪಾರಿಗೂ ರೇಗಿತು. "ನೀವು ಕೇಳದೇ ಇರೋದು ಇಲ್ಲಿ ಒಂದಾದ್ರೂ ಇದ್ರೆ ತೋರಿಸಿ ಸ್ವಾಮಿ, ಈಗಲೇ ಕಿತ್ತು ಹಾಕ್ತೀನಿ."

ಗುರುಗಳು ಕತೆ ನಿಲ್ಲಿಸಿದರು.

"ಏನೇ ಆದರೂ ತಪ್ಪು ವ್ಯಾಪಾರಿಯದೇ ಅಲ್ಲವೇ, ಗುರುಗಳೇ?" ಎಂದ ಶಿಷ್ಯ.

ಗುರುಗಳು ಹಣೆ ಚಚ್ಚಿಕೊಂಡರು.

"ಅದಿರಲಿ, ನೀನು ಈಗ ಮೇಲೆ ಬಂದದ್ದು ಕಾಲುದಾರಿಯಲ್ಲೋ, ಮೆಟ್ಟಿಲಿನಲ್ಲೋ?"